ಮನೆಯ ಅರಿವೆಗೂ ಬಿಸಿಲು ಬೇಕು



ಬಿತ್ತನೆಯ ಜೋಳವನ್ನು ಕಣದಲ್ಲಿ ಹರವಿ ಒಣಗಿಸದೆ ತಾವು ಚೀಲ ಕಟ್ಟುವುದಿಲ್ಲ. ತೇವವು ನೂರಕ್ಕೆ 12ಕ್ಕಿಂತ ಹೆಚ್ಚು ಉಳಿದರೆ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಮೈಗೆ ಹತ್ತುವ ಅರಿವೆಗೂ ಇದೇ ನಿಯಮ.

ಕೊಣ್ಣೂರಿನಲ್ಲಿ ಧೋತರ, ಅಂಗಿ, ಕೌದಿಗಳು ಮಾಳಿಗೆಯ ಮೇಲೋ ಮಲಪ್ರಭೆಯ ದಂಡೆಯಲ್ಲೋ ಎಲ್ಲರೆದುರು ಒಣಗುತ್ತವೆ. ಯಾರೂ ನಾಚುವುದಿಲ್ಲ. ಹೆಣ್ಣುಮಕ್ಕಳ ಮುಟ್ಟಿನ ಬಟ್ಟೆ ಮಾತ್ರ ಬಚ್ಚಲಿನ ಮೂಲೆಯಲ್ಲಿ, ಒದ್ದೆ ಸೀರೆಯ ಅಡಿಯಲ್ಲಿ, ಕೊಟ್ಟಿಗೆಯ ಕತ್ತಲೆಯಲ್ಲಿ ಉಳಿಯುತ್ತದೆ. ಗಂಡಸರ ಕಣ್ಣಿಗೆ ಬೀಳಬಾರದೆಂಬ ಸಂಕೋಚವೇ ಇದಕ್ಕೆ ಕಾರಣ. ಅರೆಬರೆ ಒಣಗಿದ ಬಟ್ಟೆಯನ್ನೇ ಮತ್ತೆ ಬಳಸಿದರೆ ತುರಿಕೆ, ಸೋಂಕು ಬರಬಹುದು. ಅದನ್ನು ಹೇಳಿಕೊಳ್ಳಲೂ ನಾಚಿಕೆ. ಹೀಗಾಗಿ ಔಷಧವೂ ತಡವಾಗುತ್ತದೆ.

ಎತ್ತಿನ ಝೂಲ ಒಣಗಲು ಅಂಗಳವಿದೆ, ಮಗಳ ಬಟ್ಟೆಗೆ ಇಲ್ಲವೆಂದರೆ ಯಾವ ನ್ಯಾಯ?

ಈ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಹಿಂಡಬೇಕು. ಬಿಸಿನೀರು ಹಾಕಿದರೆ ಕಲೆ ನಿಂತುಬಿಡುತ್ತದೆ. ಆಮೇಲೆ ಸಾಬೂನು ಹಚ್ಚಿ ಚೆನ್ನಾಗಿ ಒಗೆದು, ಬಿಸಿಲಿಗೆ ಬಿಚ್ಚಿ ಹರವಬೇಕು. ಬಿಸಿಲು ತೇವವನ್ನು ಹೀರುವುದಲ್ಲದೆ ರೋಗಾಣುಗಳನ್ನೂ ಕೊಲ್ಲುತ್ತದೆ. ಮುಟ್ಟಿನ ಸ್ವಚ್ಛತೆಯ ಬಗ್ಗೆ 2015ರಲ್ಲಿ ಕೇಂದ್ರ ಸರಕಾರವು ಮಾರ್ಗಸೂಚಿಯನ್ನೇ ಹೊರಡಿಸಿದೆ.

ಗಂಡಸರಿಗೆ ಈ ಮಾತೇಕೆ ಎನ್ನಬೇಡಿರಿ. ಹಗ್ಗ ಕಟ್ಟುವವರು ತಾವೇ ಅಲ್ಲವೇ? ಹಿತ್ತಿಲಿನಲ್ಲಾಗಲಿ ಮಾಳಿಗೆಯ ಮೇಲಾಗಲಿ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವಲ್ಲಿ ಇನ್ನೊಂದು ಹಗ್ಗ ಕಟ್ಟಿರಿ. ಎರೆಮಣ್ಣಿನ ಧೂಳು ಹಾರುವ ದಾರಿಯ ಬದಿ ಬೇಡ. ಕಟ್ಟಿದ ಮೇಲೆ, ಇಲ್ಲಿ ಏನನ್ನೂ ಮುಚ್ಚದೆ ಒಣಹಾಕಿರೆಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿರಿ. ಹೇಳದಿದ್ದರೆ ಆ ಹಗ್ಗದ ಮೇಲೂ ತಮ್ಮ ಧೋತರವೇ ಒಣಗೀತು! ಮಳೆಗಾಲದಲ್ಲಿ ಬಿಸಿಲಿಲ್ಲದ ದಿನ ಗಾಳಿಯಾಡುವಲ್ಲಿ ಹರವಿ, ಬಿಸಿ ಇಸ್ತ್ರಿ ಮಾಡಿ ಬಳಸಬಹುದು.