ಇಂಜೆಕ್ಷನ್ ಆದ ಮೇಲೂ ಪೋಲಿಯೊ ಹನಿ ಏಕೆ?

“ಡಾಕ್ಟ್ರೇ, ಮಗುವಿಗೆ ಪೋಲಿಯೊ ಇಂಜೆಕ್ಷನ್ ಆಗಿದೆಯಲ್ಲ, ಮತ್ತೆ ಹನಿ ಯಾಕೆ?” ಗೋಕುಲಂನ ನನ್ನ ಕ್ಲಿನಿಕ್ಕಿನಲ್ಲಿ ತಾಯಂದಿರೂ ಅಜ್ಜಿಯರೂ ಆಗಾಗ ಕೇಳುವ ಪ್ರಶ್ನೆಯಿದು. ಉತ್ತರ ಇರುವುದು ಮಗುವಿನ ಕರುಳಿನಲ್ಲಿ.

ಪೋಲಿಯೊ ವೈರಸ್ ಕಲುಷಿತ ನೀರು, ಆಹಾರ, ಕೊಳಕು ಕೈಗಳ ಮೂಲಕ ಬಾಯಿಗೆ ಸೇರುತ್ತದೆ. ಕರುಳಿನಲ್ಲಿ ಬೆಳೆದು, ಮಲದೊಂದಿಗೆ ಹೊರಬಿದ್ದು ಇನ್ನೊಂದು ಮಗುವನ್ನು ತಲುಪುತ್ತದೆ. ಕೆಲವರಲ್ಲಿ ಮಾತ್ರ ನರಗಳಿಗೆ ಹಬ್ಬಿ ಕೈಕಾಲುಗಳ ಸ್ವಾಧೀನ ತಪ್ಪಿಸುತ್ತದೆ.

ಕರುಳಿನ ಕಾವಲು

ಸಣ್ಣಕರುಳಿನ ಒಳಗೋಡೆಯಲ್ಲಿ ‘ಪೇಯರ್ ತೇಪೆ’ಗಳೆಂಬ ಚಿಕ್ಕ ದಿಬ್ಬಗಳಿವೆ. ಸ್ವಿಸ್ ವೈದ್ಯ ಪೇಯರ್ 1677ರಲ್ಲಿ ಇವನ್ನು ವಿವರಿಸಿದ. ಇವುಗಳ ಮೇಲ್ಪದರದ ‘ಎಂ’ ಕೋಶಗಳು ಹಾದುಹೋಗುವ ರೋಗಾಣುಗಳನ್ನು ಹಿಡಿದು ಒಳಗಿನ ಬಿಳಿರಕ್ತಕಣಗಳಿಗೆ ಒಪ್ಪಿಸುತ್ತವೆ. ಶತ್ರುವನ್ನು ಗುರುತಿಸಲು ಕಲಿತ ಆ ಕಣಗಳು ರಕ್ತದಲ್ಲಿ ಸುತ್ತಿ, ಮತ್ತೆ ಕರುಳಿನ ಗೋಡೆಗೇ ಬಂದು ನೆಲೆಸಿ, ‘ಐಜಿಎ’ ಎಂಬ ಪ್ರತಿಕಾಯವನ್ನು ತಯಾರಿಸುತ್ತವೆ. ಕರುಳಿನ ಲೋಳೆಯಲ್ಲಿ ಬೆರೆಯುವ ಈ ಪ್ರತಿಕಾಯ ವೈರಸ್ಸನ್ನು ಬಾಗಿಲಲ್ಲೇ ತಡೆಯುತ್ತದೆ.

ಹನಿಯಲ್ಲಿರುವುದು ಶಕ್ತಿಗುಂದಿಸಿದ ಜೀವಂತ ವೈರಸ್. ಅದು ಕರುಳಿಗೇ ಹೋಗಿ ಈ ಕಾವಲನ್ನು ಎಬ್ಬಿಸುತ್ತದೆ. ಇಂಜೆಕ್ಷನ್ ಮುಖ್ಯವಾಗಿ ರಕ್ತದಲ್ಲಿ ಪ್ರತಿಕಾಯ ಬೆಳೆಸುತ್ತದೆ. ಇದರಿಂದ ನಿಮ್ಮ ಮಗುವಿಗೆ ಅಂಗವೈಕಲ್ಯ ತಪ್ಪುತ್ತದೆ, ನಿಜ. ಆದರೆ ಕರುಳಿನಲ್ಲಿ ವೈರಸ್ ಬೆಳೆದು ಪಕ್ಕದ ಮನೆಯ ಮಗುವಿಗೆ ದಾಟಬಹುದು. ಹನಿ ಕುಡಿದ ಮಗುವಿಗೆ ಇಂಜೆಕ್ಷನ್ನೂ ಸೇರಿದರೆ ಕರುಳಿನ ರಕ್ಷಣೆ ಇನ್ನಷ್ಟು ಬಲಗೊಳ್ಳುತ್ತದೆ. ಆದ್ದರಿಂದ ಎರಡೂ ಬೇಕು.

ಪದೇ ಪದೇ ಏಕೆ?

ಒಂದೇ ಸಲಕ್ಕೆ ಎಲ್ಲ ಮಕ್ಕಳಲ್ಲೂ ಹನಿ ಫಲ ಕೊಡುವುದಿಲ್ಲ. ಕರುಳಿನಲ್ಲಿ ಆಗಲೇ ಇರುವ ಬೇರೆ ವೈರಸ್ಸುಗಳು, ಭೇದಿ ಅಡ್ಡಿಯಾಗುತ್ತವೆ. ನಮ್ಮ ಮಕ್ಕಳಿಗೆ ಹೆಚ್ಚು ಸಲ ಹನಿ ಬೇಕೆಂಬುದನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1970ರ ದಶಕದಲ್ಲೇ ಕಂಡುಕೊಂಡಿದ್ದರು. 1995ರಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೊ ಆರಂಭವಾಯಿತು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡ ಪ್ರಕರಣವೇ ಕೊನೆಯದು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು. ಆದರೆ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ರೋಗ ಇನ್ನೂ ಅಳಿದಿಲ್ಲ. ನಾವು ಮೈಮರೆಯುವಂತಿಲ್ಲ.

ನೆನಪಿಡಿ

* ಹುಟ್ಟಿದಾಗ, 6, 10, 14 ವಾರಗಳಲ್ಲಿ, ಮತ್ತೆ 16ರಿಂದ 24 ತಿಂಗಳೊಳಗೆ ಹನಿ ಹಾಕಿಸಿ. ಸರ್ಕಾರಿ ಲಸಿಕೆ ಪಟ್ಟಿಯಂತೆ 6 ಮತ್ತು 14 ವಾರ, 9 ತಿಂಗಳಲ್ಲಿ ಇಂಜೆಕ್ಷನ್ ಕೊಡಿಸಿ.
* ಪಲ್ಸ್ ಪೋಲಿಯೊ ದಿನ ಐದು ವರ್ಷದೊಳಗಿನ ಮಕ್ಕಳಿಗೆ ಮತ್ತೆ ಹಾಕಿಸಿ. ಹೆಚ್ಚಾಯಿತೆಂಬ ಭಯ ಬೇಡ.
* ನೆಗಡಿ ಇದ್ದರೂ ಹನಿ ಹಾಕಿಸಬಹುದು, ಎದೆಹಾಲು ನಿಲ್ಲಿಸಬೇಕಿಲ್ಲ.
* ಹನಿ ಹಾಕಿದ ಕೂಡಲೇ ವಾಂತಿಯಾದರೆ ಅಲ್ಲಿಯ ಕಾರ್ಯಕರ್ತೆಗೆ ತಿಳಿಸಿ.
* ಮಗುವಿಗೆ ರೋಗನಿರೋಧಕ ಶಕ್ತಿಯ ದೋಷವಿದ್ದರೆ ಮೊದಲೇ ವೈದ್ಯರನ್ನು ಕೇಳಿ.