ಹೊಲ-ತೋಟದ ಸಣ್ಣ ಹಕ್ಕಿಗಳು ಗೂಡು ಕಟ್ಟುವ ಕ್ರಮ: ರೈತರು ತಿಳಿದಿರಬೇಕಾದ ಸಂಗತಿಗಳು

ಮುಂಗಾರಿನ ಮಳೆ ಬಿದ್ದು ಕಬ್ಬು ಎದೆಯೆತ್ತರಕ್ಕೆ ಬರುವ ಹೊತ್ತಿಗೆ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಬಾವಿಗಳ ಮೇಲೆ ಬಾಗಿದ ಜಾಲಿ, ಈಚಲು ಮರಗಳಿಗೆ ಗೀಜಗನ ಗೂಡುಗಳು ತೂಗಾಡತೊಡಗುತ್ತವೆ. ಅದೇ ಗೀಜಗ ಮುಂದೆ ಸಜ್ಜೆಯ ತೆನೆಗೆ ಗುಂಪುಗುಂಪಾಗಿ ಎರಗುತ್ತದೆ. ಆದುದರಿಂದ ಗೂಡು ಇರುವಾಗಲೇ ಟೊಂಗೆ ಕಡಿದುಬಿಟ್ಟರೆ ಪೀಡೆ ತೊಲಗೀತು ಎಂಬ ಎಣಿಕೆ ಹಲವರಲ್ಲಿದೆ. ಈ ಎಣಿಕೆ ಎಲ್ಲಿ ತಪ್ಪುತ್ತದೆ ಎಂಬುದನ್ನು ಅರಿಯಲು, ಹಕ್ಕಿ ಯಾವಾಗ ಗೂಡು ಕಟ್ಟುತ್ತದೆ, ಗೂಡಿನಲ್ಲಿ ಮರಿಗೆ ಏನನ್ನು ಉಣಿಸುತ್ತದೆ ಎಂಬ ಎರಡು ಸಂಗತಿಗಳನ್ನು ತಿಳಿಯುವುದು ಅವಶ್ಯ.

ಗೀಜಗನ ಗೂಡು

ಗೀಜಗ ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಡು ಕಟ್ಟುತ್ತದೆ. ನೇಯುವ ಕೆಲಸ ಗಂಡಿನದು. ಕಬ್ಬು, ಭತ್ತ ಮತ್ತು ಉದ್ದ ಹುಲ್ಲಿನ ಹಸಿ ಗರಿಗಳನ್ನು ಕೊಕ್ಕಿನಿಂದ ಸೀಳಿ ಎಳೆಗಳನ್ನು ತಂದು ಹೆಣೆಯುತ್ತದೆ. ಗೂಡು ಅರ್ಧವಾಗಿ ಟೋಪಿಯ ಆಕಾರಕ್ಕೆ ಬಂದಾಗ ಹೆಣ್ಣು ಬಂದು ಪರೀಕ್ಷಿಸುತ್ತದೆ. ಮನಸ್ಸಿಗೆ ಬಂದರೆ ಮಾತ್ರ ಗಂಡು ಉಳಿದ ಭಾಗವನ್ನೂ, ಕೆಳಗೆ ಇಳಿಬಿಟ್ಟ ಕೊಳವೆಯಂಥ ದಾರಿಯನ್ನೂ ಮುಗಿಸುತ್ತದೆ. ಒಂದು ಗೂಡು ಮುಗಿಯಲು ಎರಡೂವರೆ ವಾರದಷ್ಟು ಕಾಲ ಹಿಡಿಯುತ್ತದೆ. ಹೆಣ್ಣು ಮೊಟ್ಟೆಗೆ ಕುಳಿತ ಮೇಲೆ ಗಂಡು ಮತ್ತೊಂದು ಗೂಡಿಗೆ ಕೈಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಈ ಸಂಗತಿಯನ್ನು ಪಕ್ಷಿತಜ್ಞ ಡಾ. ಸಲೀಂ ಅಲಿಯವರು 1930ರಲ್ಲಿ ಮುಂಬಯಿಯ ದಕ್ಷಿಣಕ್ಕಿರುವ ಕಿಹೀಮ್ ಗ್ರಾಮದಲ್ಲಿ ದಿನಗಟ್ಟಲೆ ಕಾದು ನೋಡಿ ದಾಖಲಿಸಿದರು. ಒಂದೇ ಮರದಲ್ಲಿ ಅರೆಬರೆ ಗೂಡುಗಳು ಹಲವು ಕಾಣುವುದು ಇದೇ ಕಾರಣದಿಂದ.

ಮುಳ್ಳಿನ ಮರ, ಕೆಳಗೆ ನೀರು, ಜೋತುಬಿದ್ದ ಟೊಂಗೆಯ ತುದಿ ಇವೆಲ್ಲವೂ ಹಾವು ಮೊದಲಾದ ಶತ್ರುಗಳಿಂದ ರಕ್ಷಣೆಗಾಗಿ. ಗೀಜಗ ಬಿಟ್ಟುಹೋದ ಗೂಡುಗಳಲ್ಲಿ ರಾಟವಾಳ ಹಕ್ಕಿಗಳು ಮೊಟ್ಟೆ ಇಡುವುದೂ ಉಂಟು.

ಬೇಲಿ ಮತ್ತು ತೋಟದ ಹಕ್ಕಿಗಳು

ಸಿಂಪಿಗ ಹಕ್ಕಿಯು ಅಗಲ ಎಲೆಗಳ ಅಂಚಿನಲ್ಲಿ ಕೊಕ್ಕಿನಿಂದ ರಂಧ್ರ ಮಾಡಿ, ಹತ್ತಿ ಹಾಗೂ ಜೇಡರ ಬಲೆಯ ಎಳೆಗಳಿಂದ ಹೊಲಿದು, ಆ ಚೀಲದೊಳಗೆ ಮೆತ್ತನೆಯ ಗೂಡು ಮಾಡುತ್ತದೆ. ಉಲಿಯಕ್ಕಿಗಳು ಪೊದೆಗಳಲ್ಲಿ, ಎತ್ತರದ ಹುಲ್ಲಿನಲ್ಲಿ, ಕಬ್ಬಿನ ಬೆಳೆಯಲ್ಲಿ ಗೂಡು ಮಾಡುತ್ತವೆ. ಸೂರಕ್ಕಿಯ ಹೆಣ್ಣು ಕಸಕಡ್ಡಿಗಳನ್ನು ಜೇಡರ ಬಲೆಯಿಂದ ಬಿಗಿದು ತೂಗುವ ಚೀಲ ಕಟ್ಟುತ್ತದೆ. ನೋಡಿದವರಿಗೆ ಅದು ಗಾಳಿಗೆ ಸಿಕ್ಕಿಬಿದ್ದ ಕಸದಂತೆ ತೋರುತ್ತದೆ. ಪಿಕಳಾರ ಲಿಂಬೆ, ದಾಳಿಂಬೆಯಂಥ ಕುರುಚಲು ಗಿಡಗಳ ಕವಲಿನಲ್ಲಿ ಬಟ್ಟಲಿನಾಕಾರದ ಗೂಡು ಮಾಡುತ್ತದೆ. ಕೃಷ್ಣಾ ಮತ್ತು ಘಟಪ್ರಭಾ ನೀರಾವರಿಯಿಂದ ಈ ಭಾಗದ ತೋಟಗಳು ಬೇಸಗೆಯಲ್ಲೂ ಹಸಿರಾಗಿರುವುದರಿಂದ ಇಂಥ ಗೂಡುಗಳು ಮಳೆಗಾಲದ ಹೊರಗೂ ಕಾಣಸಿಗುತ್ತವೆ.

ಗುಬ್ಬಿಗೆ ಮನೆಯೇ ಮರ. ರಬಕವಿ, ಬನಹಟ್ಟಿಗಳ ನೇಕಾರರ ಹಳೆಯ ಮನೆಗಳ ಜಂತೆಯ ಸಂದುಗಳು, ಗೋಡೆಯ ಬಿರುಕುಗಳು ಅದಕ್ಕೆ ಅನುಕೂಲವಾಗಿದ್ದವು. ಸಿಮೆಂಟಿನ ತಾರಸಿ ಮನೆಗಳಲ್ಲಿ ಇಂಥ ಸಂದುಗಳು ಇಲ್ಲದ್ದರಿಂದ ಗುಬ್ಬಿಗೆ ಗೂಡಿನ ಜಾಗ ತಪ್ಪುತ್ತದೆ.

ಮರಿಯ ಆಹಾರವೇ ಮುಖ್ಯ

ಬೆಳೆದ ಗೀಜಗ, ಗುಬ್ಬಿಗಳ ಮುಖ್ಯ ಆಹಾರ ಕಾಳು ಎಂಬುದು ನಿಜ. ಆದರೆ ಮೊಟ್ಟೆಯೊಡೆದ ಎಳೆಯ ಮರಿಗೆ ಕಾಳು ಜೀರ್ಣವಾಗದು. ಅದರ ಮೈ ಬೆಳೆಯಲು ಸಸಾರಜನಕ ಬೇಕು. ಆದ್ದರಿಂದ ಕಾಳು ತಿನ್ನುವ ತಾಯಿಹಕ್ಕಿಯೇ ಈ ದಿನಗಳಲ್ಲಿ ಹುಳು, ಮಿಡತೆಗಳನ್ನು ಹಿಡಿದು ತರುತ್ತದೆ. ಸಿಂಪಿಗ, ಉಲಿಯಕ್ಕಿಗಳಂತೂ ವರ್ಷವಿಡೀ ಕೀಟಗಳನ್ನೇ ಅವಲಂಬಿಸಿವೆ. ಗುಬ್ಬಿಯಾಗಲಿ, ಸಿಂಪಿಗನಾಗಲಿ, ಗೀಜಗನಾಗಲಿ ಮೊಟ್ಟೆಗೆ ಸುಮಾರು ಎರಡು ವಾರ, ಮರಿಗೆ ಸುಮಾರು ಎರಡು ವಾರ ಕೊಡುತ್ತದೆ. ಅಂದರೆ ಒಂದು ಗೂಡಿಗೆ ರೈತ ಕೊಡಬೇಕಾದ ಬಿಡುವು ಸುಮಾರು 1 ತಿಂಗಳು ಮಾತ್ರ.

ಈ ಲೆಕ್ಕವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಚೀನಾ ದೇಶದ ಉದಾಹರಣೆ ಇದೆ. ಅಲ್ಲಿ 1958ರಲ್ಲಿ ಕಾಳು ತಿನ್ನುತ್ತವೆ ಎಂದು ಗುಬ್ಬಿಗಳನ್ನು ಸಾಮೂಹಿಕವಾಗಿ ಕೊಲ್ಲಿಸಲಾಯಿತು, ಗೂಡುಗಳನ್ನು ಕೆಡವಲಾಯಿತು. ಬೆಳೆಗೆ ಕೀಟಗಳ ಕಾಟ ಹೆಚ್ಚಿತು. 1960ರಲ್ಲಿ ಪೀಡೆಗಳ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ಅದರ ಜಾಗದಲ್ಲಿ ತಿಗಣೆಯನ್ನು ಸೇರಿಸಬೇಕಾಯಿತು.

ಹಾಗೆಂದು ತೆನೆಯ ನಷ್ಟವನ್ನು ಸಹಿಸಬೇಕೆಂದಲ್ಲ. ಹಾನಿಯಾಗುವುದು ತೆನೆ ಹಾಲುತುಂಬುವಾಗಿನಿಂದ ಕೊಯ್ಲಿನವರೆಗೆ. ಆ ಅವಧಿಯಲ್ಲಿ ಅಟ್ಟಣಿಗೆ ಹಾಕಿ ಕಾಯುವುದು, ಡಬ್ಬಿ ಬಾರಿಸುವುದು, ಮಿನುಗುವ ಪಟ್ಟಿ ಕಟ್ಟುವುದು ಉಪಯುಕ್ತ. ತೆನೆ ಕಾಯಬೇಕೇ ಹೊರತು ಗೂಡು ಕೆಡವಬಾರದು.

ರೈತರು ಅನುಸರಿಸಬೇಕಾದ ಕ್ರಮಗಳು

1. ಬದು ಮತ್ತು ಬಾವಿಯ ದಂಡೆಯ ಮರಗಳನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಕಡಿಯಬಾರದು. ಕಡಿಯಲೇಬೇಕಾದರೆ ಗೂಡು ಖಾಲಿಯಾದ ಮೇಲೆ ಕಡಿಯಬೇಕು.

2. ಲಿಂಬೆ, ದಾಳಿಂಬೆ ಗಿಡಗಳನ್ನು ಸವರುವ ಮೊದಲು ಒಮ್ಮೆ ಸುತ್ತಿ ನೋಡಿ, ಮೊಟ್ಟೆ ಅಥವಾ ಮರಿ ಇದ್ದ ಟೊಂಗೆಯನ್ನು 1 ತಿಂಗಳು ಬಿಡಬೇಕು.

3. ನೆರೆಹೊರೆಯ ರೈತರು ಸಜ್ಜೆಯನ್ನು ಒಂದೇ ಸಮಯಕ್ಕೆ ಬಿತ್ತಿದರೆ ಹಕ್ಕಿಯ ಕಾಟ ಒಬ್ಬನ ಹೊಲಕ್ಕೇ ಬೀಳದೆ ಹಂಚಿಹೋಗುತ್ತದೆ. ತೆನೆಯಲ್ಲಿ ಮುಳ್ಳುಗೂದಲಿರುವ ತಳಿಗಳಿಗೆ ಹಾನಿ ಕಡಿಮೆ.

4. ಕೀಟನಾಶಕವನ್ನು ಪೀಡೆ ಹಾನಿಯ ಮಟ್ಟ ಮುಟ್ಟಿದಾಗ ಮಾತ್ರ ಸಿಂಪಡಿಸಬೇಕು. ವಿಷ ತಗುಲಿದ ಹುಳು ಮರಿಯ ಬಾಯಿಗೆ ಹೋಗುತ್ತದೆ. ಕಬ್ಬಿನ ಕಾಂಡಕೊರಕಕ್ಕೆ ಟ್ರೈಕೋಗ್ರಾಮಾ ಪರತಂತ್ರ ಜೀವಿಯ ಕಾರ್ಡುಗಳನ್ನು ಬಳಸುವುದು ಯೋಗ್ಯ.

5. ಕಬ್ಬಿನ ರವದಿಗೆ ಬೆಂಕಿ ಹಚ್ಚಬಾರದು. ಬೆಂಕಿ ಬದುವಿನ ಪೊದೆಗಳಿಗೂ ಹಬ್ಬುತ್ತದೆ. ರವದಿಯನ್ನು ಸಾಲುಗಳಲ್ಲಿ ಹೊದಿಸಿದರೆ ತೇವ ಉಳಿದು, ಕೊಳೆತು ಗೊಬ್ಬರವಾಗುತ್ತದೆ.

6. ತಾರಸಿ ಮನೆ, ಮಗ್ಗದ ಶೆಡ್ಡುಗಳ ಹೊರಗೋಡೆಗೆ 8-10 ಅಡಿ ಎತ್ತರದಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ, ಒಂದೂಕಾಲು ಇಂಚು ಅಗಲದ ದುಂಡು ರಂಧ್ರವಿರುವ ಮರದ ಪೆಟ್ಟಿಗೆ ತೂಗುಹಾಕಿದರೆ ಗುಬ್ಬಿ ಗೂಡು ಮಾಡಲು ಅನುಕೂಲ.

ಗೂಡು ನೋಡಿದ ರೈತನಿಗೆ ಎರಡು ವಿಷಯ ತಿಳಿಯುತ್ತವೆ: ಈ ತಿಂಗಳು ಹಕ್ಕಿ ಹೊಲದ ಹುಳುವಿನ ಮೇಲಿದೆ, ಮುಂದೆ ತೆನೆ ಬಂದಾಗ ಕಾವಲು ಬೇಕು. ಈ ಎರಡನ್ನೂ ಅರಿತು ನಡೆದರೆ ಬೆಳೆಯೂ ಉಳಿಯುತ್ತದೆ, ಹುಳು ಹಿಡಿಯುವ ಹಕ್ಕಿಯೂ ಉಳಿಯುತ್ತದೆ.