ಗೊಬ್ಬರದ ಚೀಲಕ್ಕೆ ಜೀವ ಇಲ್ಲ, ಬೀಜದ ಚೀಲಕ್ಕೆ ಇದೆ

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ವೇಣುಗೋಪಾಲಸ್ವಾಮಿ ಗುಡಿಗೆ ಮಕ್ಕಳಾಗಲಿ ಅಂತ ಹರಕೆ ಹೊತ್ತು ಬರುವವರು ಬಹಳ. ತನ್ನಂಥದ್ದೇ ಇನ್ನೊಂದು ಜೀವವನ್ನು ಹುಟ್ಟಿಸುವುದು, ಅಂದರೆ ಸಂತಾನ, ಜೀವಿಗಳ ಒಂದು ದೊಡ್ಡ ಲಕ್ಷಣ. ಶಾಲೆಯಲ್ಲಿ ಉಳಿದವನ್ನೂ ಓದಿದ್ದೇವೆ: ಜೀವಕೋಶಗಳಿಂದ ಆಗಿರುವುದು, ಆಹಾರ ಬಳಸುವುದು, ಉಸಿರಾಡುವುದು, ಬೆಳೆಯುವುದು, ಕಸ ಹೊರಹಾಕುವುದು, ಸುತ್ತಲಿನ ಬದಲಾವಣೆಗೆ ಸ್ಪಂದಿಸುವುದು. ಪರೀಕ್ಷೆ ಮುಗಿದ ಮೇಲೆ ಮರೆತುಬಿಟ್ಟೆವು. ಆದರೆ ಹೊಲದಲ್ಲಿ ಈ ಪಾಠ ಮರೆತರೆ ದುಡ್ಡು ಹೋಗುತ್ತೆ.

ನಮ್ಮ ಕೊಟ್ಟಿಗೆಯಲ್ಲಿ ಡಿಎಪಿ ಮೂಟೆ, ಬಿತ್ತನೆ ಭತ್ತದ ಮೂಟೆ, ಟ್ರೈಕೋಡರ್ಮಾ ಪ್ಯಾಕೆಟ್ ಮೂರೂ ಒಂದೇ ಮೂಲೆಯಲ್ಲಿ ಇರ್ತವೆ. ಮೂರನ್ನೂ ಒಂದೇ ಥರ ನೋಡ್ಕೊಳ್ತೀವಿ. ಆದರೆ ಡಿಎಪಿ ಬರೀ ಉಪ್ಪು. ಉಳಿದ ಎರಡೂ ಜೀವಂತ. ಜೀವ ಇರೋದು ಸಾಯಬಹುದು, ತಪ್ಪು ಆಗೋದು ಅಲ್ಲೇ.

ಬೀಜ ಉಸಿರಾಡುತ್ತೆ

ಒಣಗಿದ ಭತ್ತ ಅಲ್ಲಾಡಲ್ಲ, ಬೆಳೆಯಲ್ಲ. ಆದರೂ ಒಳಗಿನ ಮೊಳಕೆ ಬಹಳ ನಿಧಾನವಾಗಿ ಉಸಿರಾಡುತ್ತಾ, ತನ್ನಲ್ಲಿರುವ ಆಹಾರವನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತಿರುತ್ತದೆ. ತೇವ ಮತ್ತು ಬಿಸಿ ಹೆಚ್ಚಾದಷ್ಟೂ ಉಸಿರಾಟ ಜೋರಾಗಿ ಬೀಜದ ಆಯಸ್ಸು ಕಡಿಮೆಯಾಗುತ್ತದೆ. ಸರಿಯಾಗಿ ಒಣಗದ ಭತ್ತದ ರಾಶಿಯೊಳಗೆ ಕೈ ಹಾಕಿದರೆ ಬಿಸಿ ಹತ್ತುತ್ತದಲ್ಲ, ಅದು ಕಾಳು ಮತ್ತು ಬೂಷ್ಟು ಎರಡೂ ಉಸಿರಾಡಿದ ಬಿಸಿ.

ಸಾಮಾನ್ಯ ಲೆಕ್ಕ ಹೀಗೆ: ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಅದರ ಬಾಳಿಕೆ ಸುಮಾರು ಎರಡರಷ್ಟಾಗುತ್ತದೆ. ಬಿತ್ತನೆ ಭತ್ತದ ತೇವಾಂಶ ಶೇ 13 ಮೀರಬಾರದು. ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆ ಮೇಲೆ ಇಡಿ. ಯೂರಿಯಾ ಪಕ್ಕದಲ್ಲಂತೂ ಬೇಡ, ಅದು ತೇವ ಎಳೆಯುತ್ತೆ.

ಪ್ಯಾಕೆಟ್‌ನೊಳಗಿನ ಜೀವ

ರೈಜೋಬಿಯಂ ಬ್ಯಾಕ್ಟೀರಿಯಾ, ಟ್ರೈಕೋಡರ್ಮಾ ಶಿಲೀಂಧ್ರ. ಅಂಗಡಿಯಿಂದ ತಂದ ಪ್ಯಾಕೆಟ್ಟನ್ನು ಬೈಕಿನ ಡಿಕ್ಕಿಯಲ್ಲಿಟ್ಟು ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿದರೆ ಒಳಗಿನ ಜೀವ ಅಲ್ಲೇ ಸಾಯುತ್ತೆ. ಪುಡಿ ಮಾತ್ರ ನೋಡೋಕೆ ಹಾಗೇ ಇರುತ್ತೆ. ಕೊಳ್ಳುವಾಗ ತಯಾರಿಕೆ ಮತ್ತು ಅವಧಿಯ ದಿನಾಂಕ ನೋಡಿ, ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ನೆರಳಲ್ಲಿ, ತಂಪಲ್ಲಿ ಇಡಿ. ರಾಸಾಯನಿಕ ಶಿಲೀಂಧ್ರನಾಶಕದ ಜತೆ ಬೆರೆಸಬೇಡಿ. ಅಲಸಂದೆ ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಲೇಪಿಸಿದರೆ ನೆರಳಲ್ಲೇ ಆರಿಸಿ ಅದೇ ದಿನ ಬಿತ್ತಿ.

ಅದು ಬದುಕಿ ಕೆಲಸ ಮಾಡ್ತಿದೆಯಾ? ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಬೇರು ಹರಿಯದಂತೆ ಅಗೆದು, ಬೇರಿನ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಸಾರಜನಕ ಹಿಡಿಯುವ ಕೆಲಸ ನಡೀತಿದೆ. ಹಸಿರು, ಬೂದು ಬಣ್ಣ ಇದ್ದರೆ ಕೆಲಸ ನಿಂತಿದೆ. ಗಂಟು ಸುಲಭವಾಗಿ ಕಳಚಿ ಬರಬೇಕು. ಬೇರೇ ಊದಿಕೊಂಡಿದ್ದರೆ ಅದು ಜಂತುಹುಳದ ಕಾಟ ಇರಬಹುದು.

ಶತ್ರುವಿಗೂ ಜೀವ ಇದೆ

ನಂಜನಗೂಡು ರಸಬಾಳೆಯ ಕಥೆ ನಿಮಗೆ ಗೊತ್ತು. ಜಿಐ ಮಾನ್ಯತೆ ಸಿಕ್ಕ ಈ ತಳಿ ಬೀಜದಿಂದಲ್ಲ, ಕಂದಿನಿಂದ ವಂಶ ಬೆಳೆಸುತ್ತದೆ. ತಾಯಿ ಗಿಡದ ರುಚಿ ಕಂದಿಗೆ ಹಾಗೇ ಬರುತ್ತೆ, ತಾಯಿಯ ರೋಗವೂ ಬರುತ್ತೆ. ಪನಾಮ ಸೊರಗು ರೋಗ ತರುವ ಫ್ಯುಸೇರಿಯಂ ಕೂಡ ಒಂದು ಜೀವಿ. ಅದೂ ಉಣ್ಣುತ್ತೆ, ಬೆಳೆಯುತ್ತೆ, ಸಂತಾನ ಮಾಡುತ್ತೆ. ಬಾಳೆ ಇಲ್ಲದಾಗ ಗಟ್ಟಿ ಗೋಡೆಯ ಬೀಜಕಗಳಾಗಿ ಮಣ್ಣಿನಲ್ಲಿ ಹತ್ತಾರು ವರ್ಷ ಮಲಗಿರುತ್ತೆ. ಬಾಳೆ ಬೇರು ಹತ್ತಿರ ಬಂದಾಗ ಎಚ್ಚರಗೊಳ್ಳುತ್ತೆ. ಇದೇ ಸ್ಪಂದನೆ ಅನ್ನೋ ಲಕ್ಷಣ.

ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ದಿಂಡಿನ ಸುತ್ತ ಜೋತುಬಿದ್ದು, ದಿಂಡು ಬುಡದಲ್ಲಿ ಸೀಳಿದ್ದರೆ ಅನುಮಾನ ಪಡಿ. ಗೆಡ್ಡೆ ಕೊಯ್ದಾಗ ಕೆಂಪು ಕಂದು ಬಣ್ಣದ ಚುಕ್ಕೆ, ಗೆರೆ ಕಂಡರೆ ಆ ತೋಟದ ಕಂದನ್ನು ಯಾರಿಗೂ ಕೊಡಬೇಡಿ, ತರಲೂ ಬೇಡಿ. ಅಲ್ಲಿ ಬಳಸಿದ ಗುದ್ದಲಿ, ಚಪ್ಪಲಿಯ ಮಣ್ಣು ತೊಳೆಯದೆ ಬೇರೆ ತೋಟಕ್ಕೆ ಹೋಗಬೇಡಿ. ರೋಗದ ಗುಣಿಯಿಂದ ನೀರು ಹರಿದು ಪಕ್ಕದ ಸಾಲಿಗೆ ಹೋಗದಂತೆ ನೋಡಿಕೊಳ್ಳಿ. ಆ ಜಾಗದಲ್ಲಿ ಭತ್ತ ಬೆಳೆದು ನೀರು ನಿಲ್ಲಿಸಿದರೆ ಶಿಲೀಂಧ್ರ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಈ ವಾರದ ಕೆಲಸ

1. ಮೂಟೆಯ ಮೇಲೆ, ನಡುವೆ, ತಳದಿಂದ ಭತ್ತ ತೆಗೆದು ಬೆರೆಸಿ, ಆರಿಸದೆ 100 ಕಾಳು ಎಣಿಸಿ.
2. ಒದ್ದೆ ಬಟ್ಟೆಯಲ್ಲಿ ಸಾಲಾಗಿ ಹರಡಿ ಸುತ್ತಿ, ನೆರಳಲ್ಲಿಡಿ. ಬಟ್ಟೆ ಒಣಗಬಾರದು, ನೀರಲ್ಲಿ ಮುಳುಗಲೂಬಾರದು. ಮುಳುಗಿದರೆ ಉಸಿರು ಕಟ್ಟುತ್ತೆ.
3. ದಿನಾ ಒಂದು ಫೋಟೊ ತೆಗೆಯಿರಿ. ಒಂದು ವಾರದ ನಂತರ ಬೇರು, ಚಿಗುರು ಎರಡೂ ಚೆನ್ನಾಗಿ ಬಂದವನ್ನು ಎಣಿಸಿ.

80ಕ್ಕಿಂತ ಹೆಚ್ಚಿದ್ದರೆ ಧೈರ್ಯವಾಗಿ ಒಟ್ಲು ಹಾಕಿ. ಕಡಿಮೆ ಇದ್ದರೆ, ಅದು ಈಗಷ್ಟೇ ಕೊಯ್ದ ಭತ್ತವೇ ನೋಡಿ. ಹೊಸ ಭತ್ತ ಕೆಲವು ವಾರ ನಿದ್ದೆಯಲ್ಲಿರಬಹುದು, ಮಲಗಿದ್ದು ಸತ್ತಂತಲ್ಲ. ಸ್ವಲ್ಪ ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ಹಳೇ ಬೀಜವೇ ಹೀಗಿದ್ದರೆ ಬದಲಾಯಿಸಿ. ಗೊಂದಲ ಇದ್ದರೆ ಫೋಟೊ ಸಮೇತ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ಕೇಳಿ.

ನೂರು ಕಾಳು, ಒಂದು ಹಳೇ ಪಂಚೆ ತುಂಡು, ಒಂದು ವಾರ. ಇಷ್ಟು ಖರ್ಚಿಗೆ ಒಂದು ಬೆಳೆ ಉಳಿಯುತ್ತೆ ಅಂದ್ರೆ ಮಾಡಿ ನೋಡೋದರಲ್ಲಿ ನಷ್ಟ ಇಲ್ಲ.